ಬಿದನೂರು ನಗರದ ಸುತ್ತ: ದಾರಿ, ಮಳೆ, ಕೋಟೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲು ಆರಿಸಿಕೊಂಡಿರುವುದು ಒಂದೇ ಒಂದು ಹಳ್ಳಿ. ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲೂಕಿನ ನಗರ. ಹೊಸನಗರದಿಂದ ಕೊಲ್ಲೂರಿನ ಕಡೆಗೆ ಸುಮಾರು 17 ಕಿಲೋಮೀಟರ್ ಹೋದರೆ ಸಿಗುತ್ತದೆ. ಇದರ ಹಳೆಯ ಹೆಸರು ಬಿದನೂರು. ಒಂದು ಸಣ್ಣ ಪೇಟೆ, ಸುತ್ತ ಅಡಿಕೆ ತೋಟ, ಗದ್ದೆ, ಅದರಾಚೆ ಎತ್ತ ತಿರುಗಿದರೂ ಕಾಡು ಗುಡ್ಡ. ರಸ್ತೆ ಪಕ್ಕದಲ್ಲೇ ಒಂದು ಕೋಟೆ. ಕೊಲ್ಲೂರಿಗೆ ಹೋಗುವ ಗಾಡಿಗಳು ಅಲ್ಲಿ ಅರ್ಧ ಗಂಟೆ ನಿಲ್ಲುತ್ತವೆ. ಜನ ಇಳಿಯುತ್ತಾರೆ, ಬುರುಜಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ.

ಆ ಅರ್ಧ ಗಂಟೆ ಸಾಲದು ಅಂತ ಹೇಳಲಿಕ್ಕೇ ನಾನು ಬಂದಿದ್ದೇನೆ. ಇಲ್ಲಿ ಎರಡು ಮೂರು ದಿನ ಉಳಿಯಬೇಕು. ಕೋಟೆ, ಕೊಳ, ಘಾಟಿ, ಬೆಟ್ಟ, ಅಣೆಕಟ್ಟಿನ ಹಿನ್ನೀರು ಇವೆಲ್ಲ ಬೇರೆ ಬೇರೆ 'ಸ್ಪಾಟ್'ಗಳು ಅಂತ ಪಟ್ಟಿ ಮಾಡಿಕೊಂಡು ಬಂದರೆ ಒಂದೂ ಸರಿಯಾಗಿ ಕಾಣುವುದಿಲ್ಲ. ಈ ಊರನ್ನು ಕಟ್ಟಿದ್ದು ಎರಡು ಸಂಗತಿ. ಒಂದು, ಕರಾವಳಿಗೆ ಇಳಿಯುವ ದಾರಿ. ಇನ್ನೊಂದು, ಇಲ್ಲಿ ಸುರಿಯುವ ಮಳೆ. ಈ ಎರಡನ್ನು ಕೈಯಲ್ಲಿ ಹಿಡಿದುಕೊಂಡು ನಡೆದರೆ ಪ್ರತಿ ಕಲ್ಲಿಗೂ ಅರ್ಥ ಬರುತ್ತದೆ.

ಮೊದಲು ದಾರಿಯ ವಿಷಯ. ಈ ಸೀಮೆಯನ್ನು ಆಳಿದ ನಾಯಕ ಮನೆತನದ ಕೆಳದಿ ಅರಸರ ಮೊದಲ ರಾಜಧಾನಿ ಕೆಳದಿ. ಆಮೇಲೆ ಇಕ್ಕೇರಿ. ಇವೆರಡೂ ಈಗಿನ ಸಾಗರದ ಹತ್ತಿರ, ಸ್ವಲ್ಪ ಬಯಲು ಇರುವ ಜಾಗದಲ್ಲಿವೆ. ಇಕ್ಕೇರಿ ದೊಡ್ಡ ಊರಾಗಿತ್ತು. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಅಲ್ಲಿಗೆ ಬಂದಿದ್ದ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಪೋರ್ಚುಗೀಸರಿಗೆ ಬೇಕಾಗಿದ್ದದ್ದು ಇಲ್ಲಿನ ಮೆಣಸು. ಅದರ ಮಾತುಕತೆಗೇ ಅವರು ಘಟ್ಟ ಹತ್ತಿ ಬಂದಿದ್ದು.

ಆದರೆ ಬಯಲಿನ ರಾಜಧಾನಿಗೆ ಬಯಲಿನ ಅಪಾಯ ಇತ್ತು. ವೀರಭದ್ರ ನಾಯಕನ ಕಾಲದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ದಂಡೆತ್ತಿ ಬಂದ. ಊರು ಹಾಳಾಯಿತು. 1639ರ ಸುಮಾರಿಗೆ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಬದಲಾಯಿಸಿದ. ಕುದುರೆ ಸೈನ್ಯ ಬಯಲಿನಲ್ಲಿ ಓಡಿದ ಹಾಗೆ ಈ ಗುಡ್ಡ, ಕೊಚ್ಚೆ, ಕಾಡಿನಲ್ಲಿ ಓಡುವುದಿಲ್ಲ. ಸುತ್ತಲಿನ ಬೆಟ್ಟಗಳ ನಡುವಿನ ಸಂದುಗಳಿಗೆ ಬಾಗಿಲು ಹಾಕಿ ಕಾವಲಿಟ್ಟರೆ ಮುಗಿಯಿತು, ಇಡೀ ಕಣಿವೆಯೇ ಕೋಟೆ. ಅದಕ್ಕೇ ಇವತ್ತು ನೀವು ನೋಡುವ ಕೋಟೆ ನಿಮ್ಮ ನಿರೀಕ್ಷೆಗಿಂತ ಚಿಕ್ಕದು. ಚಿತ್ರದುರ್ಗವನ್ನು ನೋಡಿ ಬಂದವರಿಗೆ ಸ್ವಲ್ಪ ನಿರಾಸೆಯೂ ಆಗುತ್ತದೆ. ನಗರದ ಈ ಕೋಟೆ ಕೇವಲ ನಡುಮನೆ. ಹೊರಗೋಡೆ ಅಂದರೆ ಸುತ್ತಲಿನ ಕಾಡು ಮತ್ತು ಗುಡ್ಡ.

ಇನ್ನೊಂದು ಕಾರಣ ಹೊಸಂಗಡಿ ಘಾಟಿ. ಬಿದನೂರಿನಿಂದ ಹುಲಿಕಲ್ಲು ಮೇಲೆ ಹೊಸಂಗಡಿಗೆ ಇಳಿದರೆ ಕುಂದಾಪುರ, ಬಸರೂರಿನ ಬಂದರು. ಘಟ್ಟದ ಮೇಲಿನ ಮೆಣಸು, ಅಡಿಕೆ ಹೇರಿನ ಎತ್ತುಗಳ ಬೆನ್ನ ಮೇಲೆ ಕೆಳಗಿಳಿಯುತ್ತಿತ್ತು. ಕೆಳಗಿನ ಉಪ್ಪು ಮೇಲೆ ಬರುತ್ತಿತ್ತು. ಈ ದಾರಿಯ ಬಾಯಲ್ಲಿ ಯಾರು ಕೂತರೋ ಅವರ ಕೈಯಲ್ಲಿ ಸುಂಕ. ವೀರಭದ್ರನ ನಂತರ 1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪ ನಾಯಕ ಅಷ್ಟಕ್ಕೇ ನಿಲ್ಲಲಿಲ್ಲ. 1650ರ ದಶಕದಲ್ಲಿ ಮಂಗಳೂರು, ಕುಂದಾಪುರದ ಕಡೆಯ ಪೋರ್ಚುಗೀಸ್ ಕೋಟೆಗಳನ್ನೂ ಕಿತ್ತುಕೊಂಡ. ಮೇಲಿನ ತೋಟ, ನಡುವಿನ ಘಾಟಿ, ಕೆಳಗಿನ ಬಂದರು ಮೂರೂ ಒಂದೇ ಕೈಗೆ ಬಂದವು. ಬಿದನೂರಿನ ಸಿರಿ ಬಂದಿದ್ದು ಅಲ್ಲಿಂದ. ಊರಿನಲ್ಲಿ ಲಕ್ಷಕ್ಕೆ ಹತ್ತಿರ ಮನೆಗಳಿದ್ದವು ಅಂತ ಹಳೆಯ ಮಾತು. ಲೆಕ್ಕ ಹಾಗೇ ನಂಬಬೇಕಾಗಿಲ್ಲ. ಆದರೆ ಈಗಿನ ತೋಟಗಳ ನಡುವೆ, ಕಾಡಿನ ಒಳಗೆ ಎಷ್ಟು ದೂರದವರೆಗೆ ಹಳೆಯ ಅಡಿಪಾಯ, ಬಾವಿ, ಕಟ್ಟೆ ಸಿಗುತ್ತವೆ ಅಂತ ನೋಡಿದರೆ ಆ ಮಾತು ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತದೆ.

ಶಿವಪ್ಪ ನಾಯಕನ ಹೆಸರು ಬಂದರೆ ಮಲೆನಾಡಿನವರು ಮೊದಲು ಹೇಳುವುದು ಯುದ್ಧದ ಕಥೆ ಅಲ್ಲ, ಶಿಸ್ತು. ಅಂದರೆ ಅವನು ಮಾಡಿದ ಕಂದಾಯದ ಏರ್ಪಾಡು. ಬೇರೆ ಬೇರೆ ಬಗೆಯ ಮಣ್ಣಿನ ಹೊಲ ಗದ್ದೆಗಳನ್ನು ಆರಿಸಿ, ಸರಕಾರದ ಖರ್ಚಿನಲ್ಲೇ ಐದು ವರ್ಷ ಬೆಳೆ ತೆಗೆಸಿದ. ಎಷ್ಟು ಬೀಜ ಬಿತ್ತು, ಎಷ್ಟು ಖರ್ಚಾಯಿತು, ಎಷ್ಟು ಬೆಳೆಯಿತು, ಏನು ಬೆಲೆ ಸಿಕ್ಕಿತು ಅಂತ ಬರೆದಿಟ್ಟ. ಮಣ್ಣನ್ನು ಐದು ದರ್ಜೆ ಮಾಡಿದ. ಸರಾಸರಿ ತೆಗೆದು ಸುಮಾರು ಮೂರನೇ ಒಂದು ಪಾಲು ಕಂದಾಯ ಅಂತ ನಿಗದಿ ಮಾಡಿದ. ಅಡಿಕೆ ತೋಟಕ್ಕೆ ದಾಯ ಅನ್ನುವ ಅಳತೆಯ ಕೋಲು ಬೇರೆ. ಹದಿನೇಳನೇ ಶತಮಾನದಲ್ಲಿ ಒಬ್ಬ ಅರಸ ತೆರಿಗೆ ಹಾಕುವ ಮೊದಲು ಐದು ವರ್ಷ ಕಾದು ನೋಡಿದ ಅಂದರೆ, ನನಗೆ ಅದು ಯಾವ ಬುರುಜಿಗಿಂತಲೂ ದೊಡ್ಡದು ಅನ್ನಿಸುತ್ತದೆ. ನಗರದ ಸುತ್ತ ತೋಟಗಳ ನಡುವೆ ನಡೆಯುವಾಗ ಇದನ್ನು ನೆನಪಿಡಿ. ಆ ಲೆಕ್ಕ ಬರೆದದ್ದು ಇಂಥ ಗದ್ದೆ, ಇಂಥ ತೋಟದ ಅಂಚಿನಲ್ಲೇ ನಿಂತು.

ಈಗ ಕೋಟೆಯೊಳಗೆ ಹೋಗೋಣ. ರಸ್ತೆಯಿಂದ ಬಾಗಿಲು ದಾಟಿದರೆ ಎರಡೂ ಕಡೆ ಕಾವಲಿನ ಜಾಗ. ದಾರಿ ಮೇಲೇರುತ್ತದೆ. ಒಳಗೆ ಅಕ್ಕ-ತಂಗಿ ಕೊಳ ಅಂತ ಜೋಡಿ ಕೊಳ ಇದೆ. ದರ್ಬಾರು ನಡೆಯುತ್ತಿದ್ದ ಜಾಗದ ಕಟ್ಟೆ, ಅರಮನೆಯ ಅಡಿಪಾಯ ಇವೆ. ಮೇಲೆ ನಿಂತರೆ ಪಕ್ಕದ ಕೆರೆ ಕಾಣುತ್ತದೆ. ಫೋಟೊ ಎಲ್ಲ ಇಲ್ಲೇ. ಆದರೆ ಫೋಟೊ ತೆಗೆದ ಮೇಲೆ ಗೋಡೆಯ ಹತ್ತಿರ ಹೋಗಿ ಕಲ್ಲನ್ನು ಮುಟ್ಟಿ ನೋಡಿ. ಕೆಲವು ಕಡೆ ಗಟ್ಟಿ ಕಣಶಿಲೆ, ಕೆಲವು ಕಡೆ ತೂತು ತೂತಾದ ಕೆಂಪು ಜಂಬಿಟ್ಟಿಗೆ. ಈ ಜಂಬಿಟ್ಟಿಗೆ ಹುಟ್ಟುವುದು ಮಳೆಯಿಂದ. ಲಕ್ಷಾಂತರ ವರ್ಷ ಜೋರು ಮಳೆ, ನಡುವೆ ಬಿಸಿಲು. ನೀರು ಕರಗುವುದನ್ನೆಲ್ಲ ತೊಳೆದು ಒಯ್ದು ಕಬ್ಬಿಣ, ಅಲ್ಯೂಮಿನಿಯಂ ಅಂಶವನ್ನು ಮಾತ್ರ ಬಿಟ್ಟು ಹೋಗುತ್ತದೆ. ಅದಕ್ಕೇ ಆ ಕೆಂಪು. ನೆಲದಿಂದ ತೆಗೆದಾಗ ಕತ್ತಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿಗೆ ಇಟ್ಟ ಮೇಲೆ ಗಟ್ಟಿ. ಕೋಟೆಯ ಕಲ್ಲನ್ನು ಒದಗಿಸಿದ ಮಳೆಯೇ ಈಗ ಗೋಡೆಯ ಸಂದಿಯಲ್ಲಿ ಆಲ, ಅತ್ತಿ ಬೆಳೆಸಿ ಅದನ್ನು ಬಿಚ್ಚುತ್ತಿದೆ. ಬೇರು ಹೊಕ್ಕ ಗೋಡೆಯ ಮೇಲೆ ದಯವಿಟ್ಟು ಹತ್ತಬೇಡಿ. ಒಂದು ಕಲ್ಲು ಜಾರಿದರೆ ಆ ಮಳೆಗಾಲದಲ್ಲೇ ಹತ್ತು ಕಲ್ಲು ಜಾರುತ್ತವೆ.

ಕೋಟೆಗಿಂತ ನನಗೆ ಜಾಸ್ತಿ ಇಷ್ಟ ದೇವಗಂಗೆ. ನಗರದಿಂದ ಸ್ವಲ್ಪ ದೂರ, ಬಸವನಬ್ಯಾಣ ಅನ್ನುವಲ್ಲಿದೆ. ಗುಡ್ಡದ ಬುಡದಿಂದ ಬರುವ ಒರತೆಯ ನೀರಿಗೆ ಏಳು ಕೊಳ ಕಟ್ಟಿದ್ದಾರೆ. ಒಂದು ದೊಡ್ಡದು, ಉಳಿದವು ಚಿಕ್ಕವು. ಒಂದು ಕೊಳ ನಕ್ಷತ್ರದ ಹಾಗೆ, ಒಂದು ಕಮಲದ ಹಾಗೆ. ಒಂದರಿಂದ ಒಂದಕ್ಕೆ ನೀರು ಹರಿದು ಹೋಗುತ್ತದೆ. ಅರಮನೆಯವರ ಜಳಕದ ಜಾಗ ಅಂತ ಹೇಳುತ್ತಾರೆ. ಬೇಸಿಗೆಯಲ್ಲೂ ಇಲ್ಲಿ ನೀರಿನ ಹರಿವು ನಿಲ್ಲುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಕೊಳ ನೋಡಿದರೆ ಸಾಲದು, ತಲೆ ಎತ್ತಿ ಹಿಂದಿನ ಗುಡ್ಡ ನೋಡಬೇಕು. ಅಲ್ಲಿ ಕಾಡಿದೆ. ಕಾಡಿನ ದರಗು ಅಂದರೆ ಉದುರಿದ ಒಣ ಎಲೆ, ಬೇರು, ಅದರ ಕೆಳಗಿನ ತೂತು ಕಲ್ಲು ಮಳೆಗಾಲದ ನೀರನ್ನು ಕುಡಿದು, ವರ್ಷವಿಡೀ ನಿಧಾನವಾಗಿ ಬಿಡುತ್ತವೆ. ಮಲೆನಾಡಿನ ಅಡಿಕೆ ತೋಟಗಳೂ ಹೀಗೇ ಬದುಕಿದ್ದು, ಗುಡ್ಡದ ಬುಡದ ಅಬ್ಬಿ ನೀರನ್ನು ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ದೋಣಿಯಲ್ಲಿ, ಮನೆಗೆ ತಂದುಕೊಂಡು. ಕೊಳ ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು. ಮೇಲಿನ ಕಾಡು ಬೋಳಾದರೆ ಕೆಳಗಿನ ಕೊಳಕ್ಕೆ ನಮ್ಮ ಇಲಾಖೆಗಳು ಎಷ್ಟು ಸುಣ್ಣ ಗಾರೆ ಮಾಡಿದರೂ ಪ್ರಯೋಜನ ಇಲ್ಲ. ಸೋಪು, ಶಾಂಪೂ ಹಾಕಿ ಅಲ್ಲಿ ಸ್ನಾನ ಮಾಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಆ ನೀರು ಕೆಳಗೆ ಯಾರದೋ ಗದ್ದೆಗೆ ಹೋಗುತ್ತದೆ, ಅಲ್ವಾ?

ಊರಿನಲ್ಲಿ ನೀಲಕಂಠೇಶ್ವರ ದೇವಸ್ಥಾನ ಇದೆ, ಗುಡ್ಡೆ ವೆಂಕಟರಮಣ ದೇವಸ್ಥಾನ ಇದೆ. ಎರಡನ್ನೂ ನಡೆದುಕೊಂಡೇ ಹೋಗಿ ನೋಡಿ.

ಬಿದನೂರಿನ ಕಥೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಲ್ಲದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ಒಬ್ಬಳು ಚೆನ್ನಮ್ಮಾಜಿ. ಗಂಡ ಸತ್ತ ಮೇಲೆ 1670ರ ದಶಕದ ಮೊದಲಿನಿಂದ ಸುಮಾರು ಇಪ್ಪತ್ತೈದು ವರ್ಷ ಆಳಿದವಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಅವನಿಗೆ ಆಶ್ರಯ ಕೊಟ್ಟು, ದಾರಿ ಮಾಡಿ ಕಳಿಸಿದಳು. ಮೊಗಲರ ಸಿಟ್ಟು ಅವಳ ಮೇಲೆ ತಿರುಗಿತು. ಅವರ ಸೈನ್ಯ ಈ ಸೀಮೆಯೊಳಗೆ ಬಂದು ಪಟ್ಟ ಪಾಡು ನಮ್ಮಲ್ಲಿ ಈಗಲೂ ಹೆಮ್ಮೆಯ ಕಥೆ. ಅದರಲ್ಲಿ ಚೆನ್ನಮ್ಮನ ಧೈರ್ಯಕ್ಕೆ ಎಷ್ಟು ಪಾಲಿದೆಯೋ, ಕಾಡಿಗೂ ಮಳೆಗೂ ಒಂದು ಪಾಲಿದೆ.

ಇನ್ನೊಬ್ಬಳು ವೀರಮ್ಮಾಜಿ, ಕೊನೆಯ ರಾಣಿ. 1763ರಲ್ಲಿ ಹೈದರ್ ಅಲಿ ಬಂದ. ಊರಿನ ಸುತ್ತ ಅಷ್ಟೆಲ್ಲ ಬೆಟ್ಟ, ಬಾಗಿಲು ಇದ್ದರೂ ಹಿಂದೆ ಮಂತ್ರಿಯಾಗಿದ್ದವನೊಬ್ಬ ಗುಟ್ಟಿನ ದಾರಿ ತೋರಿಸಿಕೊಟ್ಟ. ದಾರಿಯಿಂದ ಬೆಳೆದ ಊರು ದಾರಿಯಿಂದಲೇ ಬಿತ್ತು. ರಾಣಿ ಅರಮನೆಗೆ ಬೆಂಕಿ ಹಾಕಿಸಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಅಲ್ಲಿ ಸಿಕ್ಕಿಬಿದ್ದು ಮಧುಗಿರಿಯಲ್ಲಿ ಸೆರೆಯಾದಳು. ಹೈದರ್ ಊರಿಗೆ ತನ್ನ ಹೆಸರು ಸೇರಿಸಿ ಹೈದರ್ ನಗರ ಅಂದ. ಇಲ್ಲಿ ಸಿಕ್ಕ ಸಂಪತ್ತೇ ತನ್ನ ಮುಂದಿನ ಏಳಿಗೆಗೆಲ್ಲ ಬುನಾದಿ ಅಂತ ಅವನು ಕೊನೆಯವರೆಗೂ ಹೇಳುತ್ತಿದ್ದನಂತೆ. ಟಂಕಸಾಲೆ ಇಲ್ಲಿತ್ತು, ಅವನ ಕಾಲದ ವರಹಗಳು ಇಲ್ಲಿ ಅಚ್ಚಾದವು. ಅದಕ್ಕೂ ಮೊದಲಿನ ಒಂದು ಸಂಗತಿ ನನಗೆ ಬಹಳ ಹಿಡಿಸುತ್ತದೆ. ನಾಯಕರು ರಾಜಧಾನಿಯನ್ನು ಬಿದನೂರಿಗೆ ಬದಲಾಯಿಸಿದ ಮೇಲೂ ಅವರ ನಾಣ್ಯವನ್ನು ಜನ ಇಕ್ಕೇರಿ ವರಹ ಅಂತಲೇ ಕರೆದರು.

1783ರಲ್ಲಿ ಮತ್ತೆ ಅದೇ ಘಾಟಿ. ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ ಬಂದು ನಗರವನ್ನು ಹಿಡಿದ. ಘಾಟಿಯ ಉದ್ದಕ್ಕೂ ಫಿರಂಗಿ ಇಟ್ಟು ಕಾಯುತ್ತಿದ್ದರು, ತುದಿಯಲ್ಲಿ ಹೈದರ್‌ಗಢ ಅಂತ ಕೋಟೆ ಇತ್ತು. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಊರನ್ನು ಮರಳಿ ತೆಗೆದುಕೊಂಡ. 1830ರಲ್ಲಿ ಕಂದಾಯದ ಹೊರೆ ತಾಳಲಾರದೆ ಈ ಸೀಮೆಯ ರೈತರು ಎದ್ದರು. ನಗರದ ದಂಗೆ ಅಂತ ಅದಕ್ಕೆ ಹೆಸರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. ಅದು ಒಡೆಯರ ಮನೆತನಕ್ಕೆ ವಾಪಸ್ ಬಂದಿದ್ದು 1881ರಲ್ಲಿ. ಅಂದರೆ ಐವತ್ತು ವರ್ಷ. ಇಡೀ ಮೈಸೂರಿನ ಇತಿಹಾಸ ತಿರುಗಿದ್ದು ಈ ಸಣ್ಣ ಪೇಟೆಯ ಸುತ್ತಲಿನ ರೈತರ ಸಿಟ್ಟಿನಿಂದ. ಆ ರೈತರಿಗೆ ನಗರದಲ್ಲಿ ಒಂದು ಫಲಕ ಇದ್ದರೆ ಚೆನ್ನಾಗಿತ್ತು.

ಇಷ್ಟು ತಲೆಯಲ್ಲಿ ಇಟ್ಟುಕೊಂಡು ಒಂದು ದಿನ ಹುಲಿಕಲ್ಲು ಘಾಟಿಗೆ ಹೋಗಿ. ಬಾಳೆಬರೆ ಘಾಟಿ ಅಂತಲೂ ಹೇಳುತ್ತಾರೆ. ಮಾಸ್ತಿಕಟ್ಟೆ ದಾಟಿ ಇಳಿಯಲು ಶುರು ಮಾಡಿದರೆ ತಿರುವಿನ ಮೇಲೆ ತಿರುವು, ಎರಡೂ ಕಡೆ ದಟ್ಟ ಕಾಡು. ದಾರಿಯಲ್ಲಿ ಚಂಡಿಕಾಂಬಾ ದೇವಸ್ಥಾನ ಇದೆ. ಗಾಡಿ ಚಾಲಕರು ಅಲ್ಲಿ ನಿಲ್ಲಿಸಿ ಕೈಮುಗಿದೇ ಮುಂದೆ ಹೋಗುವುದು. ಹುಲಿಕಲ್ಲು, ಯಡೂರು, ಮಾಣಿ, ಮಾಸ್ತಿಕಟ್ಟೆ ಇವು ಮಳೆಗಾಲದಲ್ಲಿ ಪತ್ರಿಕೆಯ ಮಳೆ ಲೆಕ್ಕದಲ್ಲಿ ದಿನಾ ಕಾಣುವ ಹೆಸರುಗಳು. ಆಗುಂಬೆಯ ವರ್ಷದ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಹುಲಿಕಲ್ಲು ಅದಕ್ಕೆ ಸರಿಸಮ, ಕೆಲವು ವರ್ಷ ಅದನ್ನೂ ಮೀರುತ್ತದೆ. ಅರಬ್ಬೀ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಇಲ್ಲೇ ಹೊರೆ ಇಳಿಸುತ್ತದೆ. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಅದರ ಹತ್ತಿರ ಉಳಿಯುವುದು ಅಲ್ಪ.

ಆ ಮಳೆಯನ್ನು ಇಪ್ಪತ್ತನೇ ಶತಮಾನ ಹಿಡಿದು ಕರೆಂಟು ಮಾಡಿತು. ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು. ಘಟ್ಟದ ಕೆಳಗೆ ನೆಲದೊಳಗಿನ ವಿದ್ಯುತ್ ಕೇಂದ್ರ. ನಗರದ ಹತ್ತಿರದಲ್ಲೇ ಚಕ್ರಾ, ಸಾವೇಹಕ್ಲು ಜಲಾಶಯಗಳು. ಅವುಗಳ ನೀರು ಕಾಲುವೆಯಲ್ಲಿ ಲಿಂಗನಮಕ್ಕಿಗೆ ಸೇರುತ್ತದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅದರ ಹಿನ್ನೀರು ಹೊಸನಗರ ತಾಲೂಕಿನ ಒಳಗೂ ಬಂತು. ಗದ್ದೆ, ತೋಟ, ದೇವಸ್ಥಾನ, ಸ್ಮಶಾನ ಎಲ್ಲ ಮುಳುಗಿದವು. ಮುಳುಗಡೆಯವರು ಅಂತಲೇ ಒಂದು ಜನ ಹುಟ್ಟಿಕೊಂಡರು. ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ತಂಟೆ ಇನ್ನೂ ಮುಗಿದಿಲ್ಲ. ಹಿನ್ನೀರಿನ ನೋಟ ಚಂದ, ನಾನು ಇಲ್ಲ ಅನ್ನುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ರಸ್ತೆ, ಮರದ ಬೊಡ್ಡೆ ಎದ್ದು ಕಾಣುತ್ತವೆ. ಅಲ್ಲಿ ನಿಂತು ಸೆಲ್ಫಿ ತೆಗೆಯುವ ಮೊದಲು, ನಿಮ್ಮನ್ನು ಕರೆದುಕೊಂಡು ಬಂದ ಸ್ಥಳೀಯರನ್ನು ಅವರ ಹಿರಿಯರ ಮನೆ ಎಲ್ಲಿತ್ತು ಅಂತ ಒಂದು ಮಾತು ಕೇಳಿ. ಕೆಲವರು ನೀರಿನ ಕಡೆಗೆ ಕೈ ತೋರಿಸುತ್ತಾರೆ. ವಾರಾಹಿಯ ಕುಂಚಿಕಲ್ ಅಬ್ಬಿಯೂ ಅಣೆಕಟ್ಟಿನ ನಂತರ ಸೊರಗಿತು. ಈಗ ಅದಕ್ಕೆ ಮಳೆಗಾಲದಲ್ಲಿ ಮಾತ್ರ ಹಳೆಯ ಕಳೆ.

ಇನ್ನು ಕೊಡಚಾದ್ರಿ. ನಗರದಿಂದ ಸಂಪೆಕಟ್ಟೆ, ಕಟ್ಟಿನಹೊಳೆ ಕಡೆಗೆ ಹೋದರೆ ಅದರ ಬುಡ. 1,343 ಮೀಟರ್ ಎತ್ತರ. ಮೂಕಾಂಬಿಕಾ ವನ್ಯಧಾಮದ ಒಳಗೆ ಬರುತ್ತದೆ. ಈ ವನ್ಯಧಾಮ ಘೋಷಣೆ ಆಗಿದ್ದು 1974ರಲ್ಲಿ. ಬುಡದಲ್ಲಿ ನಿತ್ಯಹಸುರಿನ ಕಾಡು. ಮೇಲೆ ಹೋದ ಹಾಗೆ ಮರ ಗಿಡ್ಡ ಆಗುತ್ತವೆ, ಕೊಂಬೆಗಳಿಗೆ ಪಾಚಿ ಮೆತ್ತಿಕೊಂಡಿರುತ್ತದೆ. ಕೊನೆಗೆ ಹುಲ್ಲುಗುಡ್ಡ. ಗಾಳಿ ತಪ್ಪುವ ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು ಅಡಗಿ ಕೂತಿರುತ್ತದೆ. ಈ ಹುಲ್ಲುಗುಡ್ಡವನ್ನು ಬೋಳು ಜಾಗ ಅಂದುಕೊಂಡು ಗಿಡ ನೆಡಲು ಹೋಗಬಾರದು. ಹುಲ್ಲೂ ಶೋಲಾ ಕಾಡೂ ಜೊತೆಯಾಗಿ ಮಳೆ ನೀರನ್ನು ಹಿಡಿದಿಡುತ್ತವೆ. ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು ಕೇಳಿಸಬಹುದು. ಸಿಂಗಳೀಕ ಇರುವ ಕಾಡು ಇದು. ಕಾಟಿಯ (ಕಾಡುಕೋಣದ) ಹೆಜ್ಜೆ ಸಿಕ್ಕರೆ ಅಲ್ಲಿಂದ ಸುಮ್ನೆ ಸರಿದು ಬನ್ನಿ.

ಜೀಪು ಹೋಗುವ ದಾರಿಯ ಕೊನೆಯಲ್ಲಿ ಮೂಲ ಮೂಕಾಂಬಿಕೆಯ ದೇವಸ್ಥಾನ, ಅರ್ಚಕರ ಮನೆ ಇವೆ. ದೇವಸ್ಥಾನದ ಮುಂದೆ ಎತ್ತರದ ಕಬ್ಬಿಣದ ಕಂಬ. ಅಷ್ಟು ಮಳೆಯಲ್ಲಿ ನಿಂತಿರುವ ಕಂಬ ಅದು. ಕೊಡಚಾದ್ರಿಯ ಹೊಟ್ಟೆಯಲ್ಲಿ ಕಬ್ಬಿಣದ ಅದಿರು ಇದೆ ಅನ್ನುವುದನ್ನು ಇದರ ಜೊತೆ ಸೇರಿಸಿ ನೋಡಿ. ಹಾಗೇ, ಆ ಅದಿರಿಗಾಗಿ ಬೆಟ್ಟವನ್ನು ಯಾರೂ ಅಗೆಯದ ಹಾಗೆ ಕಾಯಬೇಕು ಅನ್ನುವುದನ್ನೂ ನೆನಪಿಡಿ. ಅಲ್ಲಿಂದ ತುದಿಗೆ ನಡೆಯಬೇಕು. ಗಣೇಶ ಗುಹೆ ದಾಟಿ ಮೇಲೆ ಹೋದರೆ ಸರ್ವಜ್ಞ ಪೀಠ. ಶಂಕರಾಚಾರ್ಯರು ತಪಸ್ಸು ಮಾಡಿದ ಜಾಗ ಅಂತ ನಂಬಿಕೆ. ಕಟ್ಟಡ ತೀರಾ ಸಣ್ಣದು, ಬರಿಯ ಕಲ್ಲಿನ ಮಂಟಪ. ಆದರೆ ಪಶ್ಚಿಮಕ್ಕೆ ನೆಲ ಒಮ್ಮೆಲೇ ಕೆಳಗೆ ಬೀಳುತ್ತದೆ, ಮೋಡ ಇಲ್ಲದ ದಿನ ಸಮುದ್ರ ಕಾಣುತ್ತದೆ. ಬಿದನೂರಿನ ಅರಸರು ಯಾಕೆ ಈ ಅಂಚಿನಲ್ಲಿ ಕೂತರು ಅನ್ನುವುದು ಇಲ್ಲಿ ನಿಂತಾಗ ಒಂದೇ ನೋಟಕ್ಕೆ ತಿಳಿಯುತ್ತದೆ. ಹಿಂದೆ ತೋಟ, ಮುಂದೆ ಬಂದರು, ನಡುವೆ ಈ ಗೋಡೆ. ಪೀಠದಿಂದ ಇನ್ನೂ ಕೆಳಗೆ ಚಿತ್ರಮೂಲ ಗುಹೆ ಇದೆ. ಇಳಿಜಾರು ಕಡಿದು. ಮಳೆಯಲ್ಲಿ ಅಲ್ಲಿಗೆ ಹೋಗಲೇಬೇಡಿ.

ಜೀಪಿನ ಬಗ್ಗೆ ಒಂದು ಮಾತು. ಆ ದಾರಿ ಹದಗೆಟ್ಟಿರುವುದು ನಿಜ, ಅಲುಗಾಡಿಸಿಕೊಂಡು ಹೋಗುವುದೇ ಮಜಾ ಅನ್ನುವವರೂ ಇದ್ದಾರೆ. ಜೀಪು ಎಷ್ಟೋ ಮನೆಗಳ ಅನ್ನದ ದಾರಿ, ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ವಯಸ್ಸಾದವರಿಗೆ ಬೇರೆ ಉಪಾಯವೂ ಇಲ್ಲ. ಆದರೆ ಕಾಲು ಗಟ್ಟಿ ಇರುವವರು ನಡೆದೇ ಹತ್ತಿ. ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಅಬ್ಬಿಯ ದಾರಿ ಹಿಡಿದರೆ ನೀರಿನ ಪಕ್ಕದಲ್ಲೇ ಮೇಲೇರಬಹುದು. ನೀರು ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ, ಬಂಡೆ ಜಾರುತ್ತದೆ. ದಾರಿ ಗೊತ್ತಿರುವ ಊರಿನವರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಅರಣ್ಯ ಇಲಾಖೆಯ ಬುಕಿಂಗ್ ನಿಯಮಗಳನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಜೋರು ಮಳೆಯಲ್ಲಿ ದಾರಿ ಮುಚ್ಚುತ್ತಾರೆ.

ಕವಲೆದುರ್ಗ ತೀರ್ಥಹಳ್ಳಿ ತಾಲೂಕಿಗೆ ಸೇರುತ್ತದೆ. ಆದರೆ ನಗರವನ್ನು ನೋಡಿದವರು ಅದನ್ನು ಬಿಡಬಾರದು. ಹಳ್ಳಿಯಿಂದ ಗದ್ದೆಯ ನಡುವೆ ನಡೆದು, ಕಲ್ಲು ಹಾಸಿದ ದಾರಿಯಲ್ಲಿ ಹತ್ತಬೇಕು. ಒಂದು ಸುತ್ತು ಗೋಡೆ, ಬಾಗಿಲು, ಮತ್ತೊಂದು ಸುತ್ತು, ಮತ್ತೊಂದು ಬಾಗಿಲು. ಬಂಡೆಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಒಳಗೆ ಕಾಶಿ ವಿಶ್ವನಾಥನ ದೇವಸ್ಥಾನ, ಅದರ ಮುಂದೆ ಎರಡು ಎತ್ತರದ ಕಂಬಗಳು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅರಮನೆಯ ಜಾಗ. ಮಣ್ಣು ತೆಗೆದು ಅಡಿಪಾಯ ಬಿಡಿಸಿಟ್ಟಿದ್ದಾರೆ. ಕೋಣೆ ಯಾವುದು, ಅಂಗಳ ಯಾವುದು ಗೊತ್ತಾಗುತ್ತದೆ. ಕಲ್ಲಿನ ಒಲೆ ಇದೆ. ಬಚ್ಚಲಿನ ಕಲ್ಲು, ನೀರು ಹೋಗುವ ಕಾಲುವೆ ಇವೆ. ಅರಸರ ಮನೆಯಲ್ಲೂ ಮಲೆನಾಡಿನ ಎಲ್ಲ ಮನೆಗಳ ಹಾಗೆ ಮೊದಲ ಯೋಚನೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅನ್ನುವುದೇ. ತುದಿಯ ಪುಟ್ಟ ಗುಡಿಯ ಹತ್ತಿರ ಸಂಜೆಯವರೆಗೆ ಕೂತರೆ ಪಶ್ಚಿಮಕ್ಕೆ ವಾರಾಹಿಯ ಹಿನ್ನೀರು ಕಾಣುತ್ತದೆ. ಕತ್ತಲಾಗುವ ಮೊದಲು ಇಳಿಯಿರಿ. ಇಂಥ ಕೋಟೆಗಳಲ್ಲಿ ಅಲ್ಲಲ್ಲಿ ನಿಧಿಯ ಆಸೆಗೆ ಅಗೆದ ಗುಂಡಿ ಕಾಣುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಕಲ್ಲನ್ನು ಕಿತ್ತು ಮಣ್ಣನ್ನು ಕಲಸಿದರೆ ಓದಬೇಕಾದ ಪುಟವೇ ಹರಿದ ಹಾಗೆ.

ಸಮಯ ಉಳಿದರೆ ಅದೇ ಸೀಮೆಯ ಅಂಬುತೀರ್ಥಕ್ಕೆ ಹೋಗಿ. ಶರಾವತಿ ಹುಟ್ಟುವುದು ಅಲ್ಲಿ. ರಾಮ ಬಾಣ ಬಿಟ್ಟು ನೀರು ತೆಗೆದ ಅಂತ ಕಥೆ. ಇದೇ ನೀರು ಮುಂದೆ ಲಿಂಗನಮಕ್ಕಿ ತುಂಬಿ, ಜೋಗದಲ್ಲಿ 253 ಮೀಟರ್ ಬೀಳುತ್ತದೆ. ಹೊಸನಗರ ತಾಲೂಕಿನ ಇನ್ನೊಂದು ಮೂಲೆಯಲ್ಲಿ ಹೊಂಬುಜ ಇದೆ, ಹುಂಚ ಅಂತಲೂ ಹೇಳುತ್ತಾರೆ. ಕೆಳದಿಯವರಿಗಿಂತ ಎಷ್ಟೋ ಮೊದಲಿನ ಸಾಂತರ ಅರಸರ ಊರು. ಪದ್ಮಾವತಿಯ ಬಸದಿಗೆ ಜನ ಬರುತ್ತಾರೆ. ನೀವು ಪಂಚಕೂಟ ಬಸದಿಯನ್ನೂ ನೋಡಿ. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ್ದು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿಯ ದೇವಸ್ಥಾನದ ಚಾವಣಿಯಲ್ಲಿರುವ ಗಂಡಭೇರುಂಡ ಇವುಗಳ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಹೆಚ್ಚು ಹೇಳುವುದಿಲ್ಲ. ಸಾಧ್ಯ ಆದರೆ ಕೆಳದಿ, ಇಕ್ಕೇರಿ, ನಗರ ಈ ಕ್ರಮದಲ್ಲೇ ಬನ್ನಿ. ರಾಜಧಾನಿ ಬಯಲಿನಿಂದ ಕಾಡಿಗೆ ಸರಿದ ದಾರಿಯಲ್ಲೇ ನೀವೂ ಬಂದ ಹಾಗಾಗುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಸೇರಿಸಿದ್ದೇನೆ.

ಯಾವಾಗ ಬರಬೇಕು ಅಂತ ಒಬ್ಬರು ಕೇಳಿದರು. ಅಕ್ಟೋಬರಿನಿಂದ ಫೆಬ್ರವರಿ ನಡೆಯಲು ಹಿತ. ದೇವಗಂಗೆ, ಕೋಟೆ, ಘಾಟಿ ಇವನ್ನು ಮಳೆಯಲ್ಲೂ ನೋಡಬಹುದು, ನೋಡಬೇಕು ಕೂಡ. ಕೊಡೆ ಇದ್ದರೂ ನೆನೆಯುತ್ತೀರಿ. ಇಂಬಳ ಹತ್ತುತ್ತವೆ. ಹೆದರಬೇಡಿ, ಉಪ್ಪು ಅಥವಾ ಸುಣ್ಣ ಜೊತೆಗಿರಲಿ. ಹಳ್ಳ, ಅಬ್ಬಿಗಳಿಗೆ ಮಾತ್ರ ಆಗ ಇಳಿಯಬಾರದು. ಮೇಲೆಲ್ಲೋ ಸುರಿದ ಮಳೆ ಕೆಳಗೆ ಒಮ್ಮೆಲೇ ನುಗ್ಗಿ ಬರುತ್ತದೆ.

ಮಂಗನ ಕಾಯಿಲೆಯ ಬಗ್ಗೆ ಒಬ್ಬ ತಾಯಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ ಅದು. ಹರಡುವುದು ಉಣುಗಿನಿಂದ. ನವೆಂಬರಿನಿಂದ ಮೇವರೆಗೆ ಅದರ ಕಾಟ. ಆ ತಿಂಗಳುಗಳಲ್ಲಿ ಕಾಡಿಗೆ ಹೋದರೆ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಹಾಕಿ. ಆರೋಗ್ಯ ಇಲಾಖೆಯವರು ಹೇಳುವ ಎಣ್ಣೆ ಹಚ್ಚಿಕೊಳ್ಳಿ. ದರಗಿನ ಮೇಲೆ ಕೂರಬೇಡಿ. ವಾಪಸ್ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಮನೆಗೆ ಹೋದ ಒಂದೆರಡು ವಾರದಲ್ಲಿ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲು ಹೇಳಿ.

ಒಬ್ಬ ಹುಡುಗ, ತಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಓದಲು ಬಾರದ ಹಳೆಯ ಕಡತ ಇದೆ, ಏನು ಮಾಡಲಿ ಅಂದ. ಈ ಪ್ರಶ್ನೆ ಕೇಳಿ ನನಗೆ ತುಂಬ ಸಂತೋಷ ಆಯಿತು. ಎಸೆಯಬೇಡ, ಬಿಸಿಲಿಗೆ ಹಾಕಬೇಡ, ಬಿಡಿಸಲು ಹೋಗಿ ಮುರಿಯಬೇಡ. ಕೆಳದಿಯಲ್ಲಿ ಒಂದು ಮ್ಯೂಸಿಯಂ ಇದೆ. ಕೆಳದಿ ಗುಂಡಾಜೋಯಿಸರು ಮನೆಮನೆ ತಿರುಗಿ ಸೇರಿಸಿದ ತಾಳೆಗರಿ, ಕಡತ, ಹಳೆಯ ಕಾಗದಗಳು ಅಲ್ಲಿವೆ. ಕೆಳದಿ ಅರಸರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಇಂಥ ಅಟ್ಟಗಳಿಂದಲೇ ಬಂದದ್ದು. ಅದರಲ್ಲಿ ಇರುವುದು ಬರೀ ತೋಟದ ಲೆಕ್ಕ ಇರಬಹುದು. ಇರಲಿ, ಶಿಸ್ತಿನ ಕಾಲದ ಒಂದು ತೋಟದ ಲೆಕ್ಕ ಸಿಕ್ಕರೂ ಅದು ದೊಡ್ಡ ಸಂಗತಿ. ಮೊದಲು ಪ್ರತಿ ಪುಟದ ಫೋಟೊ ತೆಗೆದುಕೋ. ಆಮೇಲೆ ಅಜ್ಜನನ್ನೂ ಕರೆದುಕೊಂಡು ಕೆಳದಿಗೆ ಹೋಗು.